ನಡುವೆ ಬಿದ್ದ ಚುಕ್ಕೆ

ಹೊಳೆಯ ದಂಡೆಯ ಆಶ್ರಮದಲ್ಲಿ ಮಡಿವಾಳಯ್ಯ ಎಂಬ ಗುರು ಇದ್ದರು. ಪೂರ್ವಾಶ್ರಮದಲ್ಲಿ ಅವರು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸಿದವರು. ಅವರ ಶಿಷ್ಯ ರೇವಣ.

ಆ ವರ್ಷ ರೇವಣ ಸುತ್ತಲಿನ ಇಪ್ಪತ್ತಾರು ಊರುಗಳ ನೀರನ್ನು ಪರೀಕ್ಷೆ ಮಾಡಿಸಿದ. ಉಪ್ಪು, ಗಡಸುತನ, ಫ್ಲೋರೈಡ್ ಎಂದು ಒಂದೊಂದು ಊರಿಗೆ ಏಳು ಅಳತೆ. ಎಲ್ಲವನ್ನೂ ಕಂಪ್ಯೂಟರಿಗೆ ಹಾಕಿ ಒಂದೇ ಚಿತ್ರ ತೆಗೆದ. ಊರುಗಳು ಚುಕ್ಕೆಗಳಾದವು, ಅಳತೆಗಳು ಬಾಣಗಳಾದವು.

ಚಿತ್ರದ ಕೆಳಗೆ ಯಾವ ಊರಿಗೆ ತುರ್ತು, ಯಾವ ಊರಿಗೆ ತೊಂದರೆ ಇಲ್ಲ ಎಂದು ಪಟ್ಟಿ ಬರೆದು ತಾಲ್ಲೂಕಿನ ನೀರಿನ ಕಚೇರಿಗೆ ಕೊಟ್ಟ. ಕಚೇರಿಯವರು ಆ ಪಟ್ಟಿಯಂತೆ ಒಂಬತ್ತು ಊರುಗಳಿಗೆ ಫಿಲ್ಟರ್ ನೀರಿನ ಘಟಕ ಹಾಕಿಸಿದರು.

ಒಂದು ಬೆಳಿಗ್ಗೆ ಕರೆಗುಡ್ಡದ ಹಟ್ಟಿಯಿಂದ ಹನುಮಕ್ಕ ಎಂಬ ಹೆಂಗಸು ಕೋಲೂರಿಕೊಂಡು ಬಂದಳು. ಅವಳ ಎರಡೂ ಕಾಲು ಮೊಣಕಾಲಿನಲ್ಲಿ ಬಾಗಿದ್ದವು.

"ನಮ್ಮ ಹಟ್ಟಿಗೆ ತೊಂದ್ರೆ ಇಲ್ಲ ಅಂತ ಬರೆದೋರು ಯಾರು?"

"ನಾನೇ ಅಮ್ಮ," ಎಂದ ರೇವಣ. ಚಿತ್ರ ತಂದು ಅವಳ ಮುಂದೆ ಹಾಸಿದ. "ನೋಡಿ, ಯಾವ ಚುಕ್ಕೆ ಯಾವ ಬಾಣದ ಕಡೆಗೆ ದೂರ ಹೋಗಿದೆಯೋ ಆ ಊರಿನ ನೀರಲ್ಲಿ ಅದು ಹೆಚ್ಚು. ನಿಮ್ಮ ಹಟ್ಟಿ ಇಲ್ಲಿದೆ, ನಟ್ಟನಡುವೆ. ಅಂದರೆ ಎಲ್ಲ ಸಾಧಾರಣ."

ಹನುಮಕ್ಕ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿದಳು.

"ಸಾಧಾರಣ ನೀರು ಕುಡಿದ ಕಾಲು ಹಿಂಗೈತೇನಪ್ಪ? ನಮ್ಮ ಹಟ್ಟಿಯಾಗೆ ನೆಟ್ಟಗೆ ನಿಲ್ಲೋರು ಎಷ್ಟು ಜನ ಅವ್ರೆ, ಬಂದು ಎಣಿಸಿದ್ಯಾ?"

ರೇವಣ ಮುಖ ಗಂಟಿಕ್ಕಿದ. "ಇದು ಲೆಕ್ಕ, ಅಮ್ಮ. ನಾನು ಕೈಯಿಂದ ಬರೆದದ್ದಲ್ಲ."

ಜಗುಲಿಯ ಮೇಲಿದ್ದ ಗುರುಗಳು ಎದ್ದು ಬಂದರು.

"ಎಷ್ಟು ಅಳತೆ ತೆಗೆದೆ?"

"ಏಳು, ಗುರುಗಳೇ."

"ಕಾಗದಕ್ಕೆ ಎಷ್ಟು ದಿಕ್ಕು?"

"ಉದ್ದ, ಅಗಲ. ಎರಡು."

"ಏಳನ್ನು ಎರಡರಲ್ಲಿ ಹೇಗೆ ತುಂಬಿಸಿದೆ?"

"ಕಂಪ್ಯೂಟರೇ ಒತ್ತಿ ಕೂರಿಸುತ್ತದೆ. ಊರೂರಿಗೆ ಇರುವ ವ್ಯತ್ಯಾಸದಲ್ಲಿ ನೂರಕ್ಕೆ ಎಪ್ಪತ್ತು ಪಾಲು ಈ ಚಿತ್ರದಲ್ಲಿದೆ."

"ಮಿಕ್ಕ ಮೂವತ್ತು?"

"ಬಿಟ್ಟುಹೋಯಿತು."

"ತಾನಾಗಿ ಹೋಯಿತೋ, ನೀನು ಬಿಟ್ಟೆಯೋ?"



ಗುರುಗಳು ಹನುಮಕ್ಕನ ಕೋಲು ಕೇಳಿ ಪಡೆದರು. ಅದರ ತುದಿಯನ್ನು ನೇರ ರೇವಣನ ಕಣ್ಣಿಗೆ ಹಿಡಿದರು.

"ಒಂದು ಕಣ್ಣು ಮುಚ್ಚು. ಏನು ಕಾಣುತ್ತದೆ?"

"ಒಂದು ಚುಕ್ಕೆ."

"ಕೋಲು ಎಷ್ಟುದ್ದ?"

"ಇಲ್ಲಿಂದ ತಿಳಿಯುವುದಿಲ್ಲ."

"ತಿಳಿಯದೆ ಇದ್ದದ್ದಕ್ಕೆ ಸಾಧಾರಣ ಎಂದು ಹೆಸರಿಟ್ಟೆಯಲ್ಲ."

ಅವರ ದನಿ ಏರಿರಲಿಲ್ಲ. ಆದರೆ ಗುರುಗಳಿಗೆ ಅಷ್ಟು ಸಿಟ್ಟು ಬಂದದ್ದನ್ನು ರೇವಣ ಎಂದೂ ಕಂಡಿರಲಿಲ್ಲ.

ಅವನು ಒಳಗೆ ಹೋಗಿ ಕಂಪ್ಯೂಟರಿನ ಮುಂದೆ ಕುಳಿತ. ಬಿಟ್ಟುಹೋಗಿದ್ದ ಮೂರನೆಯ ದಿಕ್ಕಿನಲ್ಲಿ ಚಿತ್ರ ತೆಗೆದ. ಮೊದಲ ಚಿತ್ರದಲ್ಲಿ ಮೊಳಕೆಯಷ್ಟೇ ಇದ್ದ ಫ್ಲೋರೈಡಿನ ಬಾಣ ಇಲ್ಲಿ ಅಂಚಿನವರೆಗೆ ಚಾಚಿತ್ತು. ಅದರ ತುದಿಯ ಬಳಿ ಒಂದೇ ಒಂದು ಚುಕ್ಕೆ, ಕರೆಗುಡ್ಡದ ಹಟ್ಟಿ.

ಅಳತೆಗಳ ಮೂಲ ಪಟ್ಟಿ ತೆಗೆದು ನೋಡಿದ. ಮೂಳೆ ಬಾಗಿಸುವ ಫ್ಲೋರೈಡ್ ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು. ಹಟ್ಟಿಯ ಸಾಲಿನಲ್ಲಿ ಐದೂ ಮುಕ್ಕಾಲು ಎಂದಿತ್ತು. ಆ ಅಂಕಿಯನ್ನು ತುಂಬಿದ್ದು ಅವನದೇ ಕೈ.

ಹೊರಗೆ ಬಂದು ಹನುಮಕ್ಕನ ಕಾಲಿಗೆ ಬಿದ್ದ. ಅವಳು ಹಿಂದೆ ಸರಿದಳು.

"ಕಾಲಿಗೆ ಯಾಕೆ ಬೀಳ್ತೀಯ? ಕಚೇರಿಗೆ ಹೋಗು."

ರೇವಣ ಹೋದ. ಕಚೇರಿಯ ಎಂಜಿನಿಯರು ಪಟ್ಟಿಯನ್ನು ಎತ್ತಿ ತೋರಿಸಿದರು. "ಇದರ ಕೆಳಗೆ ನಿಮ್ಮದೇ ರುಜು ಇದೆಯಲ್ರೀ. ಮುಂದಿನ ವರ್ಷ ನೋಡೋಣ."

"ರುಜು ನನ್ನದೇ. ತಪ್ಪೂ ನನ್ನದೇ. ಅದನ್ನೂ ಬರೆದು ಕೊಡುತ್ತೇನೆ," ಎಂದ ರೇವಣ. ಬರೆದೂ ಕೊಟ್ಟ. ಎಂಜಿನಿಯರು ಅದನ್ನು ಫೈಲಿಗೆ ಸೇರಿಸಿ ಎದ್ದು ಹೋದರು.

ರೇವಣ ಏಳಲಿಲ್ಲ. ಮರುದಿನವೂ ಬಂದು ಕಚೇರಿಯ ಮೆಟ್ಟಿಲ ಮೇಲೆ ಕುಳಿತ. ಮೂರನೆಯ ದಿನ ಹನುಮಕ್ಕ ಹಟ್ಟಿಯ ಹದಿನೇಳು ಜನರನ್ನು ಕರೆದುಕೊಂಡು ಬಂದಳು. ಯಾರೂ ಕೂಗಲಿಲ್ಲ. ಬಾಗಿದ ಕಾಲುಗಳನ್ನು ಚಾಚಿಕೊಂಡು ಬಾಗಿಲಿಗೆ ಅಡ್ಡಲಾಗಿ ಕುಳಿತರು. ಒಳಗೆ ಹೋಗುವವರು ಆ ಕಾಲುಗಳನ್ನು ದಾಟಿಯೇ ಹೋಗಬೇಕಾಯಿತು.

ಸಂಜೆಯ ಹೊತ್ತಿಗೆ ಆದೇಶ ಕೈಗೆ ಬಂತು. ತಿಂಗಳೊಳಗೆ ಹಟ್ಟಿಯಲ್ಲಿ ಘಟಕ ನಿಂತಿತು.

ಅದರ ನಲ್ಲಿ ತಿರುಗಿಸಿದ ದಿನ ರೇವಣ ಆಶ್ರಮಕ್ಕೆ ಮರಳಿದ. ಗುರುಗಳು ಹೊಳೆಯಲ್ಲಿ ಪಂಚೆ ಹಿಂಡುತ್ತಿದ್ದರು.

"ಗುರುಗಳೇ, ಹಟ್ಟಿಗೆ ನೀರು ಬಂತು."

"ಒಳ್ಳೆಯದಾಯಿತು."

"ಆ ಚಿತ್ರ ನನಗೆ ಮೋಸ ಮಾಡಿತು."

"ಚಿತ್ರ ತನಗೆ ಕಂಡಷ್ಟನ್ನು ತೋರಿಸಿತು. ತೊಂದರೆ ಇಲ್ಲ ಎಂದು ಬರೆದವನು ನೀನು."

ರೇವಣ ತಲೆ ತಗ್ಗಿಸಿದ. "ಇರಲಿ. ಅಂತೂ ನನ್ನ ತಪ್ಪು ತಿದ್ದಿದಂತಾಯಿತು."

ಗುರುಗಳು ಪಂಚೆಯನ್ನು ಕೊಡವಿ ಬಂಡೆಯ ಮೇಲೆ ಹರವಿದರು.

"ಹೋದ ವರ್ಷ ಅಂಗನವಾಡಿ ಮಕ್ಕಳ ತೂಕ, ಎತ್ತರ, ರಕ್ತ ಎಲ್ಲ ಅಳೆದು ಇಂಥದೇ ಚಿತ್ರ ತೆಗೆದಿದ್ದೆಯಲ್ಲ ರೇವಣ, ಅದರ ನಡುವೆ ಯಾರ ಯಾರ ಮಕ್ಕಳಿದ್ದರು?"