ಗರ್ಜಿಸುವ ಸೈಲೆನ್ಸರ್, ಸವೆದ ಬ್ರೇಕು

ಚೆನ್ನವೀರನು ಕೊಂಡ ಹಳೆಯ ಪುಟ್ಟ ಕಾರು ಓಟದಲ್ಲಿ ಬಲು ಚುರುಕು; ಅದರ ಬ್ರೇಕಿನ ಪಟ್ಟಿ ಮಾತ್ರ ಸವೆದುಹೋಗಿತ್ತು. ಕೈಯಲ್ಲಿದ್ದ ಹಣ ಒಂದೇ ಕೆಲಸಕ್ಕೆ ಸಾಲುವಂತಿರಲು, ಅವನು ಗರ್ಜಿಸುವ ಸೈಲೆನ್ಸರನ್ನೇ ಹಾಕಿಸಿದನು.

"ಮುದುಕಪ್ಪಾ, ಇನ್ನು ನನ್ನ ದನಿಗೇ ದಾರಿಯವರೆಲ್ಲ ಸರಿಯುವರು. ನಿನಗೇನು ಕೆಲಸ?" ಎಂದಿತು ಸೈಲೆನ್ಸರ್.

"ಸರಿಯದವರು ಎದುರಾದರೆ ಏನು ಗತಿ, ತಮ್ಮಾ?" ಎಂದು ಬ್ರೇಕು ಅಳುಕಿತು.

ಮರುದಿನ ಇಳಿಜಾರಿನಲ್ಲಿ ಎಮ್ಮೆಯೊಂದು ಕರುವಿನೊಡನೆ ಅಡ್ಡ ನಿಂತಿತ್ತು. ಸೈಲೆನ್ಸರ್ ಎಷ್ಟು ಗರ್ಜಿಸಿದರೂ ಅದು ಕದಲಲಿಲ್ಲ. ಬ್ರೇಕು ಬರಿಯ ಕಬ್ಬಿಣದಲ್ಲೇ ಚಕ್ರವನ್ನು ಕಚ್ಚಿ ಹಿಡಿಯಿತು. ಕಾರು ಕರುವಿನಿಂದ ಗೇಣು ದೂರದಲ್ಲಿ ನಿಂತಿತು.

ಎಮ್ಮೆ ಮೆಲುಕಾಡುತ್ತ ಕೇಳಿತು: "ಕೂಗಿದವನು ಯಾರಾದರೂ ಆಗಲಿ, ನಿಲ್ಲಿಸಿದ ಪುಣ್ಯಾತ್ಮನು ಯಾರಪ್ಪಾ?"

ಬ್ರೇಕು ಇನ್ನೂ ಏದುಸಿರು ಬಿಡುತ್ತಿತ್ತು. ಸೈಲೆನ್ಸರೇ ದನಿ ತಗ್ಗಿಸಿ, "ನಮ್ಮ ಹಿರಿಯರು, ತಾಯೀ" ಎಂದಿತು.

ಚೆನ್ನವೀರನು ಅಂದೇ ಆ ಸೈಲೆನ್ಸರನ್ನು ಮಾರಿ ಬ್ರೇಕಿಗೆ ಹೊಸ ಪಟ್ಟಿ ಹಾಕಿಸಿದನು.