ನೆಲ ಬಡಿದು ಕೇಳಿದ ದುರುಗವ್ವ

ನಮ್ಮಜ್ಜಿಯ ಅಜ್ಜಿಗೆ ಇನ್ನೂ ಹಾಲುಹಲ್ಲು ಬಿದ್ದಿರದ ಕಾಲದಲ್ಲಿ, ಎರೆಕುಂಟೆ ಅಂತ ಒಂದೂರಿತ್ತಂತೆ. ಆ ಊರಲ್ಲಿ ಬಸಲಿಂಗಮ್ಮ ಅನ್ನೋ ಮುದುಕಿ ಇದ್ಲಂತೆ. ಅವಳಿಗೆ ಮೂರು ಜನ ಗಂಡುಮಕ್ಕಳು. ದೊಡ್ಡೋನು ಶರಭ, ನಡುವಿನೋನು ಮಲಿಯ, ಕಿರಿಯೋನು ಕೊಟ್ರ. ಹೊದ್ಕೊ, ಕಾಲು ಹೊರಗೆ ಹಾಕ್ಬೇಡ, ಹೇಳ್ತೀನಿ.

ಅವರ ಮನೆ ಗೋಡೆ ಪ್ರತಿ ಬೇಸಿಗೇಲೂ ಸೀಳು ಬಿಡ್ತಿತ್ತಂತೆ. ಶರಭ ಮಣ್ಣು ಸಗಣಿ ಕಲಸಿ ಮೆತ್ತೋದು, ಮರುವರ್ಷ ಅದು ಮತ್ತೆ ಸೀಳೋದು, ಹಿಂಗೇ ಹತ್ತು ವರ್ಷ ಆಯ್ತಂತೆ. ಆಮೇಲೆ ಒಂದು ಮುಂಗಾರಲ್ಲಿ, ಬಸಲಿಂಗಮ್ಮ ಅಕ್ಕಿ ಆರಿಸ್ತಾ ಕೂತಿದ್ದಾಗ, ಪಡಸಾಲೆ ಗೋಡೆ ಅವಳ ಕಾಲ ಮೇಲೇ ಬಿತ್ತಂತೆ. ಜೀವ ಉಳೀತು, ಕಾಲಿನ ಮೂಳೆ ಮುರೀತು. ಮಕ್ಕಳು ಅವಳನ್ನ ಮಂಚದ ಸಮೇತ ಎತ್ತಿ ದನದ ಕೊಟ್ಟಿಗೇಲಿ ಮಲಗಿಸಿದ್ರಂತೆ. ಹೆತ್ತ ತಾಯಿ ದನಗಳ ಜೊತೆ ಮಲಗೋದನ್ನ ಮೂವರಿಗೂ ನೋಡೋಕಾಗಲಿಲ್ಲವಂತೆ. ಮುಂದಿನ ಮುಂಗಾರಿನ ಒಳಗೆ ಹೊಸ ಮನೆ ಕಟ್ಟಲೇಬೇಕು ಅಂತ ಪಣ ತೊಟ್ರಂತೆ.

ಆದ್ರೆ ಎಲ್ಲಿ ಕಟ್ಟೋದು? ಶರಭ ನಮ್ಮ ಎರೆ ಹೊಲದಲ್ಲಿ ಅಂದ, ಮಲಿಯ ಹಳ್ಳದ ದಂಡೇಲಿ ಅಂದ, ಕೊಟ್ರ ಊರಾಚೆ ಗರಸಿನ ದಿಬ್ಬದ ಮೇಲೆ ಅಂದ. ಮೂರು ದಿನ ಜಗಳ ಆಡಿದ್ರಂತೆ. ನಾಕನೇ ದಿನ ಬಸಲಿಂಗಮ್ಮ ಮಂಚದಿಂದಲೇ ಹೇಳಿದ್ಲಂತೆ, ಮನೆ ಕಟ್ಟೋರಿಗೆ ನೆಲದ ಮೇಲಿಂದು ಗೊತ್ತು, ಬಾವಿ ತೋಡೋರಿಗೆ ನೆಲದ ಒಳಗಿಂದು ಗೊತ್ತು, ಮರಡಿಹಟ್ಟಿ ದುರುಗವ್ವನ್ನ ಕರ್ಕೊಂಡು ಬನ್ನಿ, ಅವಳು ಹೂಂ ಅನ್ನೋ ತನಕ ಒಂದು ಕಲ್ಲೂ ಇಡಬೇಡಿ ಅಂತ.

ದುರುಗವ್ವ ಅಂದ್ರೆ ನಲವತ್ತು ಬಾವಿ ತೋಡಿದ ಹೆಂಗಸಂತೆ. ಹೆಗಲ ಮೇಲೆ ಹಾರೆ, ಕಂಕುಳಲ್ಲಿ ಕೊಡ ಇಟ್ಕೊಂಡು ಬಂದ್ಲು. ಬಂದೋಳು ಮೊದ್ಲು ಮುದುಕಿ ಕಾಲು ನೋಡಿದ್ಲು, ಆಮೇಲೆ ನಡೀರಿ ಅಂದ್ಲಂತೆ.

ಮೊದ್ಲು ಶರಭನ ಎರೆ ಹೊಲ. ಇಲ್ಲಿ ಜೋಳ ಆಳುದ್ದ ಬೆಳೆಯುತ್ತೆ, ಇದಕ್ಕಿಂತ ಒಳ್ಳೆ ಮಣ್ಣು ಎಲ್ಲಿದೆ ಅಂದ ಶರಭ. ದುರುಗವ್ವ ಹಾರೆಯಿಂದ ಒಂದಿಷ್ಟು ಮಣ್ಣು ಕೆದಕಿ ತೆಗೆದ್ಲು. ಆ ಕರೀ ಮಣ್ಣಿಗೆ ನೀರು ಹಾಕಿ, ರಾಗಿ ಮುದ್ದೆ ಕಟ್ಟಿದ ಹಾಗೆ ಕಟ್ಟಿ, ಬಂಡೆ ಮೇಲೆ ಬಿಸಿಲಿಗಿಟ್ಲಂತೆ. ಎರಡು ದಿನ ಬಿಟ್ಟು ಹೋಗಿ ನೋಡಿದ್ರೆ ಮುದ್ದೆ ಕುಗ್ಗಿ, ಬೆರಳು ತೂರೋ ಹಾಗೆ ಬಾಯಿ ಬಿಟ್ಟಿತ್ತಂತೆ. ಈ ಮಣ್ಣು ಬೆಳೆಗೆ ತಾಯಿ, ಗೋಡೆಗೆ ಮಲತಾಯಿ ಅಂದ್ಲು ದುರುಗವ್ವ. ನೀರು ಕುಡಿದ್ರೆ ಉಬ್ಬುತ್ತೆ, ಒಣಗಿದ್ರೆ ಕುಗ್ಗುತ್ತೆ, ಮೇಲಿರೋ ಗೋಡೆ ಪಾಪ ಏನು ಮಾಡುತ್ತೆ, ನಿಮ್ಮ ಹಳೇ ಮನೆ ಅಡಿಗೂ ಇದೇ ಮಣ್ಣು ತಾನೆ ಅಂದ್ಲು. ಶರಭ ತಲೆ ತಗ್ಗಿಸಿ ನಿಂತನಂತೆ. ಹತ್ತು ವರ್ಷ ಗೋಡೆಗೆ ಮೆತ್ತಿದ್ದೇ ಮೆತ್ತಿದ್ದು, ಒಂದು ದಿನಾನೂ ಗೋಡೆಯ ಬುಡ ಅಗೆದು ನೋಡಲಿಲ್ವಲ್ಲ ಅಂತ.

ಆಮೇಲೆ ಮಲಿಯನ ಹಳ್ಳದ ದಂಡೆ. ಹುಣಸೆ ಮರದ ನೆರಳು, ಕೈ ಚಾಚಿದ್ರೆ ನೀರು. ದುರುಗವ್ವ ಮೊಣಕಾಲುದ್ದ ಗುಂಡಿ ತೆಗೆದು, ತೆಗೆದ ಮಣ್ಣನ್ನೇ ತಿರುಗಿ ಗುಂಡಿಗೆ ತುಂಬಿ ತುಳಿದ್ಲಂತೆ. ಗುಂಡಿ ತುಂಬಲೇ ಇಲ್ಲ, ಒಂದು ಗೇಣು ಖಾಲಿ ಉಳೀತು. ಯಾರೋ ಮಣ್ಣು ಕದ್ದಿದಾರೆ ಅಂದ ಮಲಿಯ. ಹಂಗಾದ್ರೆ ನೀನೇ ಮಾಡು ಅಂದ್ಲಂತೆ. ಅವನು ಮೈಯೆಲ್ಲ ಬೆವರಾಗಿ ಇನ್ನೊಂದು ಗುಂಡಿ ತೋಡಿ ತುಂಬಿದ, ಅದರಲ್ಲೂ ಗೇಣು ಖಾಲಿ. ಇದು ಹಳ್ಳ ಹೊತ್ತು ತಂದು ಹಾಕಿದ ಮೆಕ್ಕಲು ಮಣ್ಣು, ಹತ್ತಿ ತುಂಬಿದ ದಿಂಬಿನ ಥರ, ಭಾರ ಹಾಕಿದ್ರೆ ಕುಸಿಯುತ್ತೆ ಅಂದ್ಲು ದುರುಗವ್ವ. ನಾನೇ ತೋಡಿದ ಮೇಲೆ ಇನ್ನು ಯಾರ ಮೇಲೆ ಹೇಳಲಿ ಅಂತ ಮಲಿಯ ನಕ್ಕುಬಿಟ್ಟನಂತೆ.

ಕಡೇಗೆ ಕೊಟ್ರನ ದಿಬ್ಬ. ಕೆಂಪು ಗರಸು ನೆಲ, ಗುದ್ದಲಿ ಹಾಕಿದ್ರೆ ಕಿಡಿ ಹಾರ್ತಿತ್ತಂತೆ. ಮುದ್ದೆ ಕಟ್ಟಿಟ್ರೆ ಬಿರುಕಿಲ್ಲ. ಗುಂಡಿ ತುಂಬಿದ್ರೆ ಇನ್ನೂ ಎರಡು ಬುಟ್ಟಿ ಮಣ್ಣು ಮಿಕ್ಕಿತು. ಗುಂಡಿ ತುಂಬ ನೀರು ಹುಯ್ದು ನೂರು ಹೆಜ್ಜೆ ಹೋಗಿ ಬಂದ್ರೆ, ನಾಕು ಬೆರಳಷ್ಟೇ ಇಳಿದಿತ್ತಂತೆ, ಅಷ್ಟು ಗಟ್ಟಿ ನೆಲ. ಕೊಟ್ರನಿಗೆ ಹಿಗ್ಗೋ ಹಿಗ್ಗು. ಶುಕ್ರವಾರ ಮುಹೂರ್ತ ಇಡಿಸಿ, ಅಡಿಗಲ್ಲು ಹೊತ್ಕೊಂಡೇ ಬಂದುಬಿಟ್ಟ.

ದುರುಗವ್ವ ಮಾತ್ರ ಹೂಂ ಅನ್ನಲಿಲ್ಲ. ಹಾರೆ ತಗೊಂಡು ಹೆಜ್ಜೆ ಹೆಜ್ಜೆಗೂ ನೆಲ ಬಡೀತಾ, ಕಿವಿ ಕೊಟ್ಟು ಕೇಳ್ತಾ ಹೋದ್ಲಂತೆ. ಠಣ್, ಠಣ್, ಠಣ್. ಮನೆ ಬರೋ ಜಾಗದ ಒಂದು ಮೂಲೇಗೆ ಬಂದಾಗ ಡಬ್ ಅಂತು. ಇನ್ನೊಂದು ಸಲ ಬಡಿದ್ಲು, ಆಗ್ಲೂ ಡಬ್ ಅಂತು. ಈ ಮೂಲೆ ಅಗೀಬೇಕು ಅಂದ್ಲು.

ಕೊಟ್ರನಿಗೆ ಸಿಟ್ಟು ಬಂತಂತೆ. ಅಣ್ಣಂದಿರ ಜಾಗಕ್ಕೆ ಒಂದೊಂದೇ ಪರೀಕ್ಷೆ, ನನ್ನದು ಮೂರು ಗೆದ್ದ ಮೇಲೂ ನಾಕನೇದಾ, ನಾಳೆ ಮುಹೂರ್ತ ಇದೆ ಅಂದ. ಮುಹೂರ್ತ ಇನ್ನೊಂದು ಸಿಗುತ್ತೆ, ಅಗಿ ಅಂದ್ಲು ದುರುಗವ್ವ. ಅವನು ಗುದ್ದಲಿ ಮುಟ್ಟಲೇ ಇಲ್ಲವಂತೆ. ಕೊಟ್ಟಿಗೇಲಿ ಈ ಸುದ್ದಿ ಕೇಳಿದ ಬಸಲಿಂಗಮ್ಮ, ನನ್ನನ್ನ ಅಲ್ಲಿಗೆ ಹೊತ್ಕೊಂಡು ಹೋಗಿ ಅಂದ್ಲು. ದೊಡ್ಡ ಮಕ್ಕಳಿಬ್ಬರೂ ಮಂಚ ಹೊತ್ತು ತಂದ್ರು. ದುರುಗವ್ವ ಒಂದು ಕಡೆ ಬಡಿದ್ಲು, ಇನ್ನೊಂದು ಕಡೆ ಬಡಿದ್ಲು, ಮುದುಕಿ ಕಣ್ಮುಚ್ಚಿ ಕೇಳಿಸ್ಕೊಂಡ್ಲು. ಆಮೇಲೆ ಕೇಳಿದ್ಲಂತೆ, ಕೊಟ್ರ, ಈ ಮೂಲೇಲಿ ಯಾವ ಕೋಣೆ ಬರುತ್ತಪ್ಪ? ಅವನು ಮೆಲ್ಲಗೆ, ನಿನ್ನದೇ ಕಣವ್ವ, ತಂಪಾಗಿರುತ್ತೆ ಅಂತ ಅಂದ. ಹಂಗಾದ್ರೆ ಅಗಿ ಮಗನೆ ಅಂದ್ಲು.

ಅಗೆದ. ಎದೆಮಟ್ಟ ಹೋದಾಗ ಒಂದು ಚಪ್ಪಡಿ ಕಲ್ಲು ಸಿಕ್ತಂತೆ. ಮೂವರೂ ಸೇರಿ ಹಾರೆ ಹಾಕಿ ಮೀಟಿದ್ರೆ, ಕೆಳಗೆ ಕಗ್ಗತ್ತಲು. ಅದು ಹಳೇ ಕಾಲದ ಹಗೇವು. ಹಗೇವು ಅಂದ್ರೆ ಹಿಂದಿನೋರು ಜೋಳ ತುಂಬಿಡ್ತಿದ್ದ, ನೆಲದೊಳಗಿನ ಕಣಜ. ನಾಕು ಎತ್ತು ನಿಲ್ಲುವಷ್ಟು ದೊಡ್ಡದಿತ್ತಂತೆ. ಒಳಗೇನಿದೆ ನೋಡ್ತೀನಿ ಅಂತ ಕೊಟ್ರ ಕಾಲು ಇಳಿಬಿಟ್ಟ. ದುರುಗವ್ವ ಅವನ ಸೊಂಟದ ಪಂಚೆ ಹಿಡಿದು ಹಿಂದಕ್ಕೆ ಎಳೆದುಬಿಟ್ಲಂತೆ. ಒಂದು ದೀಪ ಹಚ್ಚಿ, ಹಗ್ಗಕ್ಕೆ ಕಟ್ಟಿ ಇಳಿಸಿದ್ಲು. ಎರಡು ಮಾರು ಹೋಗೋದ್ರೊಳಗೆ ದೀಪ ಆರಿಹೋಯ್ತು. ದೀಪ ಬದುಕದ ಕಡೆ ಮನುಷ್ಯನೂ ಬದುಕಲ್ಲ, ಎಷ್ಟೋ ವರ್ಷದ ಕೆಟ್ಟ ಗಾಳಿ ಅದು ಅಂದ್ಲಂತೆ.

ಕೊಟ್ರ ಗುಂಡಿ ಪಕ್ಕದಲ್ಲೇ ಕೂತುಬಿಟ್ಟ. ಅವ್ವನ ಮಂಚ ಇದರ ಮೇಲೇ ಹಾಕ್ತಿದ್ದೆ ಅಂದ. ಹಾಕಲಿಲ್ವಲ್ಲ, ಎದ್ದು ಗುದ್ದಲಿ ತಗೊ ಅಂದ್ಲು ದುರುಗವ್ವ.

ಆಮೇಲೆ ದಿಬ್ಬದ ಮೇಲ್ಗಡೆಗೆ ಮೂವತ್ತು ಹೆಜ್ಜೆ ಸರಿದು, ಅಲ್ಲಿ ಗೇಣು ಗೇಣೂ ಬಡಿದು ನೋಡಿದ್ರು. ಎಲ್ಲಾ ಕಡೆ ಠಣ್ ಠಣ್. ಹಾರೆ ಹಾಕಿದ್ರೆ ಕೈ ಜುಮ್ ಅನ್ನೋ ತನಕ ಪಾಯ ತೋಡಿಸಿ, ಆಗ ದುರುಗವ್ವ ಹೂಂ ಅಂದ್ಲಂತೆ. ಶರಭ ಕಲ್ಲು ಹೊತ್ತ, ಮಲಿಯ ನೀರು ಹೊತ್ತ, ಕೊಟ್ರ ಗೋಡೆ ಎಬ್ಬಿಸಿದ. ಮುಂಗಾರಿಗೆ ಎಂಟು ದಿನ ಇದ್ದಂಗೆ ಸೂರು ಹೊದಿಸಿ ಮುಗಿಸಿದ್ರು.

ಆ ವರ್ಷ ಒಂಬತ್ತು ದಿನ ಬಿಡದೆ ಮಳೆ ಹುಯ್ತಂತೆ. ದಿನಾ ಬೆಳಗೆದ್ದು ಶರಭ ಗೋಡೆ ಮೇಲೆ ಬೆರಳಾಡಿಸ್ತಾ ಮನೆ ಸುತ್ತ ಬರೋನು. ಕೂದಲೆಳೆ ಅಷ್ಟು ಬಿರುಕೂ ಸಿಗಲಿಲ್ಲ. ಹತ್ತನೇ ದಿನ ಬಿಸಿಲು ಬಂತು, ಬಸಲಿಂಗಮ್ಮ ಕೋಲೂರ್ಕೊಂಡು ತಾನೇ ಹೊಸಿಲು ದಾಟಿ ಬಂದು, ಅಂಗಳದಲ್ಲಿ ನಿಂತು ಮನೇನ ಮೇಲಿಂದ ಕೆಳಗೆ ನೋಡಿದ್ಲಂತೆ. ಆಮೇಲೆ ಮರಡಿಹಟ್ಟಿಗೆ ಹೇಳಿ ಕಳಿಸಿ, ಹೋಳಿಗೆ ಮಾಡಿ, ದುರುಗವ್ವನ್ನ ಮಣೆ ಮೇಲೆ ಕೂರಿಸಿ ತಾನೇ ಬಡಿಸಿದ್ಲು. ಆ ಹಗೇವು ಇತ್ತಲ್ಲ, ಅದನ್ನ ಸುಮ್ಮನೆ ಬಿಡಲಿಲ್ಲ. ಬಾಯಿ ತೆಗೆದಿಟ್ಟು, ಇಳಿಸಿದ ದೀಪ ಆರದೆ ಉರಿಯೋ ತನಕ ಕಾದು, ಸುಗ್ಗೀಲಿ ಅದರ ತುಂಬ ಜೋಳ ತುಂಬಿದ್ರಂತೆ.

ಆ ಮನೆ ಅಲ್ಲಿ ಗಟ್ಟಿಯಾಗಿ ಕೂತಿತು, ಈ ಕತೆ ಇಲ್ಲಿಗೆ ಬಂದು ಕೂತಿತು. ಕಣ್ಣು ಮುಚ್ಕೊ ಇನ್ನ.