ಗೋಸುಂಬೆಯ ಮದುವೆ ಆಲ್ಬಂ

ಮದುವೆ ಗೊತ್ತಾದಾಗಿನಿಂದ ಗೋಸುಂಬೆಗೆ ಆಲ್ಬಮ್ಮಿನದೇ ಚಿಂತೆ. ಫೋಟೊ ತೆಗೆಯಲು ಬಂದ ಕೊಕ್ಕರೆಗೆ ಅವನು ಹೇಳಿದ: "ಪ್ರತಿ ಫೋಟೊದಲ್ಲೂ ನನ್ನ ಮೈಬಣ್ಣ ಹಿನ್ನೆಲೆಗೆ ಹೊಂದಬೇಕು. ನೋಡಿದವರು ಜನ್ಮದಲ್ಲಿ ಮರೆಯಬಾರದು."

"ನೀವು ಇದ್ದ ಹಾಗೇ ನಿಲ್ಲಬಾರದೆ?" ಎಂದಿತು ಕೊಕ್ಕರೆ.

"ನಿಮಗೆ ಕಲೆ ತಿಳಿಯದು" ಎಂದು ಗೋಸುಂಬೆ ಅದರ ಬಾಯಿ ಮುಚ್ಚಿಸಿದ.

ಚೆಂಡುಹೂವಿನ ಮಂಟಪದಲ್ಲಿ ಅವನು ಹಳದಿಯಾದ, ಬಾಳೆಕಂದಿನ ಪಕ್ಕ ಹಸಿರಾದ, ಧಾರೆಯ ಹೊತ್ತಿಗೆ ಕೂತ ಕೊಂಬೆಯಂತೆಯೇ ಕಂದಾದ. ಮದುಮಗಳು ಮಾತ್ರ ಬಣ್ಣ ಬದಲಿಸಲಿಲ್ಲ. ಊಟದ ಪಂಕ್ತಿಯಲ್ಲಿ ಹೋಳಿಗೆ ಕಂಡಾಗ ಗೋಸುಂಬೆಗೂ ಕಲೆ ಮರೆತುಹೋಯಿತು.

ಮದುವೆಗೆ ಬರಲಾಗದಿದ್ದ ಹೆಣ್ಣಿನ ಅಜ್ಜಿಗೆ ಆಲ್ಬಂ ತೋರಿಸಿದರು. ಅಜ್ಜಿ ಒಂದೊಂದೇ ಪುಟ ಮಗುಚಿ, ಮೊಮ್ಮಗಳ ಮುಖ ನೋಡಿ ಕೇಳಿದಳು: "ಏನೇ, ನಿನ್ನನ್ನು ಕೊಂಬೆಗೆ ಧಾರೆ ಎರೆದು ಕೊಟ್ಟರೇನು?"

ಗೋಸುಂಬೆ ಗಡಿಬಿಡಿಯಿಂದ ತನ್ನನ್ನೇ ಹುಡುಕಿದ. ಕೊನೆಯ ಪುಟದಲ್ಲಿ ಸಿಕ್ಕ: ಬಾಯಿ ತುಂಬ ಹೋಳಿಗೆ, ಗಲ್ಲಕ್ಕೆಲ್ಲ ತುಪ್ಪ, ಮೈಯೆಲ್ಲ ತನ್ನದೇ ಮಾಸಲು ಬೂದು. ನಾಚಿಕೆಯಿಂದ ಅದನ್ನು ಹರಿಯಲು ಹೋದ.

ಹೆಂಡತಿ ಅವನ ಕೈ ಹಿಡಿದಳು. "ಹರಿಯಬೇಡಿ. ನನಗೆ ಮದುವೆಯಾಗಿದೆ ಎನ್ನಲು ಇರುವ ಸಾಕ್ಷಿ ಅದೊಂದೇ."